ಗುಜರಿ ಯಾರ್ಡಿನ ಟರ್ಬೋ ಇಂಜಿನ್: ಎಂಟು ತಿಂಗಳಾದ ಮೇಲೆ ಬರೆದ ರಿವ್ಯೂ

ವೋಲ್ವೋಗೆ ಬೇರೆ ಇಂಜಿನ್ ಹಾಕ್ತಾ ಇದ್ದೀನಿ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಷ್ಟು ದೊಡ್ಡ ಬಸ್ಸನ್ನ ಮನೆ ಹತ್ರ ಎಲ್ಲಿ ನಿಲ್ಲಿಸ್ಕೊಂಡಿದೀಯೋ?" ಅಂದರು. ತಪ್ಪು ಅವರದಲ್ಲ. ಮೈಸೂರಿನವರಿಗೆ ವೋಲ್ವೋ ಅಂದರೆ ಬಸ್ಸು. ಐರಾವತ ಅಂತ ಬರೆಸಿಕೊಂಡು ಬೆಂಗಳೂರಿಗೆ ಓಡುತ್ತದಲ್ಲ, ಅದು.

ನನ್ನದು ಕಾರು. 1990ರ ವೋಲ್ವೋ 240 ವ್ಯಾಗನ್. ನೋಡೋಕೆ ಇಟ್ಟಿಗೆ ಥರ, ಎಳೆಯುವುದು ಹಿಂದಿನ ಚಕ್ರ, ಬಾನೆಟ್ ಎತ್ತಿದರೆ ಇಂಜಿನ್ ಸುತ್ತ ಕೈ ಮಾತ್ರ ಅಲ್ಲ, ಭುಜದವರೆಗೂ ತೂರಿಸಬಹುದು. 1974ರಿಂದ 1993ರವರೆಗೆ ಈ 200 ಸರಣಿಯಲ್ಲಿ 28 ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು. ಒಳಗಿದ್ದದ್ದು ಬಿ230ಎಫ್ ಅನ್ನೋ 2.3 ಲೀಟರ್ ಇಂಜಿನ್, 114 ಎಚ್‌ಪಿ. ಅದು ಸಾಯುವುದಿಲ್ಲ. ಓಡುವುದೂ ಇಲ್ಲ. ಹೆದ್ದಾರಿಗೆ ಸೇರುವಾಗ ಹಿಂದೆ ಬರುವ ಟ್ರಕ್ಕಿನವನು ಒಳ್ಳೆಯವನಾಗಿದ್ದರೆ ಸಾಕಪ್ಪ ಅಂತ ಬೇಡಿಕೊಳ್ಳಬೇಕು. ಇದರದೇ ಟರ್ಬೋ ತಮ್ಮ ಬಿ230ಎಫ್‌ಟಿ. ಟರ್ಬೋ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಪಂಪು. ಈ ತಮ್ಮ ವೋಲ್ವೋದ್ದೇ 740, 940 ಟರ್ಬೋ ಕಾರುಗಳಲ್ಲಿ ಬರುತ್ತಿತ್ತು, 1990ರದ್ದು 162 ಎಚ್‌ಪಿ.

ಆದರೆ ಈ ರಿವ್ಯೂ ಕಾರಿನದ್ದೂ ಅಲ್ಲ, ಇಂಜಿನ್ನಿನದ್ದೂ ಅಲ್ಲ. ಆ ಇಂಜಿನ್ ತಂದ ಜಾಗದ್ದು. ಡೆಟ್ರಾಯಿಟ್ ಹೊರಗಡೆ ಇರುವ, ನೀವೇ ಬಿಚ್ಚಿಕೊಂಡು ಹೋಗುವ ಗುಜರಿ ಯಾರ್ಡು. ಹೆಸರು ಹೇಳುವುದಿಲ್ಲ, ಯಾಕಂದ್ರೆ ಬೈಯುವುದೂ ಇದೆ. ಇಂಥ ಯಾರ್ಡುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ನಡೆಯುವುದರಿಂದ ಹೆಸರು ಇಲ್ಲದಿದ್ದರೂ ನಷ್ಟವಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದರಲ್ಲಿ ಅರ್ಧ ನನ್ನದೇ ತಪ್ಪು.

ನಡೆಯುವ ರೀತಿ ಹೀಗೆ. ಗೇಟಿನಲ್ಲಿ 2 ಡಾಲರ್ ಕೊಡಬೇಕು. ನಿಮ್ಮ ಪಾನಾ, ಸಾಕೆಟ್ಟು ಎಲ್ಲ ನೀವೇ ತರಬೇಕು. ಚಪ್ಪಲಿ ಹಾಕಿದ್ದರೆ ವಾಪಸ್. ಗ್ಯಾಸ್ ಕಟ್ಟರ್ ತರುವ ಹಾಗಿಲ್ಲ, ಜಾಕೂ ತರುವ ಹಾಗಿಲ್ಲ. ಒಳಗೆ ಕಾರುಗಳನ್ನೆಲ್ಲ ಹಳೇ ಚಕ್ರದ ರಿಮ್ಮುಗಳನ್ನು ಬೆಸೆದು ಮಾಡಿದ ಸ್ಟ್ಯಾಂಡಿನ ಮೇಲೆ ಕೂರಿಸಿರುತ್ತಾರೆ. ಇಂಜಿನ್ ಎತ್ತೋಕೆ ಚಕ್ರ ಇರುವ ಒಂದು ಚೌಕಟ್ಟು, ಅದಕ್ಕೊಂದು ಚೈನ್ ರಾಟೆ ಅವರೇ ಕೊಡುತ್ತಾರೆ, ಪುಕ್ಕಟೆ. ಬಿಚ್ಚಿ ತಂದದ್ದಕ್ಕೆ ಗೋಡೆ ಮೇಲಿನ ಬೋರ್ಡಿನ ರೇಟು. ಮರ್ಸಿಡಿಸ್ಸಿನದಾಗಲಿ ವೋಲ್ವೋದಾಗಲಿ, ನಾಲ್ಕು ಸಿಲಿಂಡರ್ ಇಂಜಿನ್ ಅಂದರೆ ಒಂದೇ ಬೆಲೆ. ಶಿವಾಜಿನಗರದ ಗುಜರಿಯಲ್ಲಿ ಟೀ ಕುಡಿಸಿ, "ಸಾರ್ ನಿಮಗೋಸ್ಕರ" ಅಂತ ಒಂದು ರೇಟು ಹೇಳಿ, ನಾವು ಎದ್ದು ಹೊರಟ ಮೇಲೆ ಇನ್ನೊಂದು ಹೇಳುತ್ತಾರಲ್ಲ, ಆ ಮಜಾ ಇಲ್ಲಿಲ್ಲ. ಚೌಕಾಸಿ ಮಾಡಲು ಹೋದರೆ ಕೌಂಟರಿನವನು ಸುಮ್ನೆ ಬೋರ್ಡಿನ ಕಡೆ ಬೆರಳು ತೋರಿಸುತ್ತಾನೆ.

ಈ ಬೋರ್ಡನ್ನು ಮನೆಯಿಂದಲೇ ಓದಿಕೊಂಡು ಹೋಗಿ. ನಾನು ಕಲಿತ ಅತಿ ಮುಖ್ಯ ಪಾಠ ಅಲ್ಲೇ ಇದೆ. ಬರೀ ಇಂಜಿನ್ ಒಂದು ರೇಟು, ಸಾಮಾನು ಸಮೇತ ಇಂಜಿನ್ ಇನ್ನೊಂದು ರೇಟು. ನಾನು ಹೋದಾಗ ವ್ಯತ್ಯಾಸ ಇದ್ದದ್ದು ಬರೀ 60 ಡಾಲರ್. ಆ 60 ಡಾಲರಿಗೆ ಇಂಜಿನ್ನಿಗೆ ಅಂಟಿಕೊಂಡ ಆಲ್ಟರ್ನೇಟರ್, ಪವರ್ ಸ್ಟಿಯರಿಂಗ್ ಪಂಪು, ಎರಡೂ ಮ್ಯಾನಿಫೋಲ್ಡು (ಗಾಳಿ ಒಳಗೆ ತರುವ, ಹೊಗೆ ಹೊರಗೆ ಒಯ್ಯುವ ಪೈಪಿನ ಗೊಂಚಲುಗಳು), ಇಂಜೆಕ್ಟರು, ಮತ್ತೆ ಟರ್ಬೋ, ಎಲ್ಲ ಬರುತ್ತದೆ. ಟರ್ಬೋವನ್ನೇ ಬಿಚ್ಚಿ ಬೇರೆಯಾಗಿ ತಂದರೆ ಅದಕ್ಕೇ 80. ನನ್ನ ಮುಂದೆ ಸಾಲಿನಲ್ಲಿದ್ದ ಹುಡುಗ, ಪಾಪ, ಮುಂಜಾನೆಯಿಂದ ಕೂತು ಎಲ್ಲವನ್ನೂ ಚೊಕ್ಕವಾಗಿ ಬಿಡಿಬಿಡಿಯಾಗಿ ಬಿಚ್ಚಿ ತಂದಿದ್ದ. ಒಂದೊಂದಕ್ಕೂ ಬಿಲ್ಲು ಬಿತ್ತು.

ಕೆಲವರು ಕೇಳುತ್ತಾರೆ, ಇರುವ ಇಂಜಿನ್ನಿಗೇ ಟರ್ಬೋ ಕೂರಿಸಬಹುದಲ್ವಾ ಅಂತ. ಕೂರಿಸಬಹುದು, ತುಂಬಾ ಜನ ಮಾಡಿದ್ದಾರೆ. ಆದರೆ ಸಾದಾ ಇಂಜಿನ್ನಿನ ಕಂಪ್ರೆಷನ್, ಅಂದರೆ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋ ಲೆಕ್ಕ, 9.8, ಟರ್ಬೋದ್ದು 8.7. ಅಷ್ಟು ಒತ್ತಡ ಇರುವ ಕಡೆ ಟರ್ಬೋ ಇನ್ನಷ್ಟು ಗಾಳಿ ತುರುಕಿದರೆ ಪೆಟ್ರೋಲು ಒತ್ತಡಕ್ಕೇ ತಾನಾಗಿ ಹತ್ತಿಕೊಳ್ಳುವ ಭಯ, ಇಂಜಿನ್ ಟಕಟಕ ಅನ್ನಲು ಶುರು. ಜೊತೆಗೆ ಟರ್ಬೋದಿಂದ ಆಯಿಲ್ ವಾಪಸ್ ಇಳಿಯುವ ತೂತನ್ನು ಸಾದಾ ಬ್ಲಾಕಿನಲ್ಲಿ ನಾವೇ ಕೊರೆಯಬೇಕು. ನನ್ನ ಹಳೇ ಇಂಜಿನ್ ಬೇರೆ ಎಲ್ಲ ಸೀಲಿನಿಂದಲೂ ಆಯಿಲ್ ಸೋರಿಸುತ್ತಿತ್ತು. ಅಂಚೆಯಲ್ಲಿ ಬರುವ ಅಗ್ಗದ ಟರ್ಬೋ ಕಿಟ್ಟುಗಳನ್ನೂ ನೋಡಿದೆ. ಪೈಪು ಹೊಳೆಯುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಆದರೆ ಕಂಪನಿಯೇ ಮಾಡಿ, ಮೂವತ್ತು ವರ್ಷ ಓಡಿ, ಇನ್ನೂ ಬಿರುಕು ಬಿಡದ ಮ್ಯಾನಿಫೋಲ್ಡು ಬೋರ್ಡಿನ ರೇಟಿಗೆ ಸಿಗುವಾಗ ಹೊಸದನ್ನು ಯಾಕೆ ನಂಬಬೇಕು?

ಅಕ್ಟೋಬರಿನ ಒಂದು ಶನಿವಾರ ದಾವಣಗೆರೆಯ ಗೆಳೆಯನೊಬ್ಬನನ್ನು ತಿಂಡಿ ಆಸೆ ತೋರಿಸಿ ಕರೆದುಕೊಂಡು ಹೋದೆ. ಯಾರ್ಡಿನವರ ಆನ್‌ಲೈನ್ ಪಟ್ಟಿಯಲ್ಲಿ 1990ರ 740 ಟರ್ಬೋ ಅಂತ ಎರಡು ದಿನದ ಹಿಂದೆ ಬಂದಿತ್ತು. ಈ ಪಟ್ಟಿ ನಿಜಕ್ಕೂ ಚೆನ್ನಾಗಿದೆ, ಸಾಲು ನಂಬರ್ ಸಮೇತ ಇರುತ್ತದೆ. 1990ರದ್ದೇ ಬೇಕು ಅಂತ ಕಾದಿದ್ದಕ್ಕೆ ಕಾರಣ ಇದೆ. ಆ ವರ್ಷದಿಂದ ಪಿಸ್ಟನ್ನಿನ ಕೆಳಗೆ ಅದರ ಬಲ ಹೊರುವ ಕನೆಕ್ಟಿಂಗ್ ರಾಡುಗಳು ದಪ್ಪ ಆದವು, ಹಿಂದಿನವು 9 ಮಿಮೀ, ಇವು 13. ಟರ್ಬೋ ಕೂಡ ಮಿತ್ಸುಬಿಷಿಯ ಚಿಕ್ಕ ಟಿಡಿ04, ಬೇಗ ಸುತ್ತುತ್ತದೆ. ಪೆಟ್ರೋಲ್ ಮತ್ತು ಇಗ್ನಿಷನ್ ನೋಡಿಕೊಳ್ಳುವ ಎರಡು ಕಂಪ್ಯೂಟರ್ ಪೆಟ್ಟಿಗೆಗಳೂ ನನ್ನ 240ಯ ಪೀಳಿಗೆಯವೇ ಆದ್ದರಿಂದ ವೈರಿಂಗ್ ತಲೆನೋವು ಕಡಿಮೆ.

ಯಾರ್ಡಿನಲ್ಲಿ ಸ್ಟಾರ್ಟ್ ಮಾಡಿ ನೋಡೋಕಾಗಲ್ಲ. ಹಾಗಾಗಿ ಕೈ ಕಣ್ಣೇ ಗತಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಮಜ್ಜಿಗೆ ಥರ ಬಿಳಿ ಇದೆಯಾ ನೋಡಿದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿದೆ. ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ) ಉದ್ದ ಸಾಕೆಟ್ ಹಾಕಿ ಎರಡು ಸುತ್ತು ತಿರುಗಿಸಿದೆ. ಟರ್ಬೋ ಬಾಯಿಗೆ ಬೆರಳು ಹಾಕಿ ರೆಕ್ಕೆಯನ್ನು ಅಲುಗಾಡಿಸಿದೆ. ಪಕ್ಕಕ್ಕೆ ಒಂಚೂರು ಆಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಆಡಬಾರದು. ಆಡಲಿಲ್ಲ. "ತಗೋ ಗುರೂ, ಇದೇ ಹೆಣ್ಣು" ಅಂದ ಗೆಳೆಯ.

ಬಿಚ್ಚಲು ಆರು ಗಂಟೆ. ಮಣ್ಣು, ಮಳೆ, ತುಕ್ಕು. ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಬೋಲ್ಟುಗಳಿಗೆ ಏನು ಮಾಡುತ್ತದೆ ಅಂತ ಬಿಚ್ಚಿದವನಿಗೇ ಗೊತ್ತು. ಸೈಲೆನ್ಸರ್ ಕಡೆಯ ನಾಲ್ಕು ಸ್ಟಡ್ಡಿನಲ್ಲಿ ಮೂರು ಮುರಿದವು.

ಈಗ ದೂರು. ಕಾರನ್ನು ಸ್ಟ್ಯಾಂಡಿಗೆ ಎತ್ತುವಾಗ ಫೋರ್ಕ್‌ಲಿಫ್ಟಿನವರು ನೋಡಿ ಎತ್ತುವುದಿಲ್ಲ. ನಾನು ಬಿಚ್ಚಿದ 740ಯಲ್ಲಿ ಟರ್ಬೋ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಕೆಳಗಿನ ಪೈಪು ಹಪ್ಪಳವಾಗಿತ್ತು. ಎರಡನೇದು, ನಮಗಿಂತ ಮೊದಲು ಬಂದವನು ಅವಸರಕ್ಕೆ ವೈರುಗಳನ್ನು ಕತ್ತರಿಸಿ ಹೋಗಿದ್ದ. ಅದಕ್ಕೆ ಯಾರ್ಡಿನವರು ಏನೂ ಮಾಡೋಕಾಗಲ್ಲ, ಒಪ್ಪುತ್ತೇನೆ. ಮೂರನೇದು ಅವರ 30 ದಿನದ ವಾರಂಟಿ. ಕೌಂಟರಿನಲ್ಲಿ ದುಡ್ಡು ಜಾಸ್ತಿ ಕೊಟ್ಟರೆ 90 ದಿನ ಅಂತ ಒತ್ತಾಯ ಮಾಡುತ್ತಾರೆ. ಸ್ವಾಮಿ, ಮನೆ ಗ್ಯಾರೇಜಿನಲ್ಲಿ, ಆಫೀಸ್ ಮುಗಿಸಿ, ಮಗಳ ಹೋಂವರ್ಕ್ ಮುಗಿಸಿ, ಸೊನ್ನೆಗಿಂತ ಕಡಿಮೆ ಚಳಿಯಲ್ಲಿ ಕೆಲಸ ಮಾಡುವವನು 90 ದಿನದಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದ್ದನ್ನು ಯಾರಾದರೂ ನೋಡಿದ್ದೀರಾ? ಆ ವಾರಂಟಿ ಮುಗಿದ ದಿನ ನನ್ನ ಇಂಜಿನ್ ಇನ್ನೂ ಸ್ಟ್ಯಾಂಡಿನ ಮೇಲೆ ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು. ಆ ದುಡ್ಡಿಗೆ ಹೊಸ ಆಯಿಲ್ ಸೀಲು ತಗೊಳ್ಳಿ.

ಇಂಜಿನ್ ಎಷ್ಟಕ್ಕೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಸಾಮಾನು ಸಮೇತ 340 ಡಾಲರ್. ಅದು ಮೋಸದ ಅಂಕಿ. ಒಟ್ಟು ಖರ್ಚು 1,900 ದಾಟಿದೆ. ಟೈಮಿಂಗ್ ಬೆಲ್ಟು, ನೀರಿನ ಪಂಪು, ಎಲ್ಲ ಸೀಲು, ಗ್ಯಾಸ್ಕೆಟ್ಟು ಹೊಸದು. ಡೌನ್‌ಪೈಪ್ (ಟರ್ಬೋದಿಂದ ಹೊಗೆ ಕೆಳಗಿಳಿಸುವ ಪೈಪು) ನನ್ನ ಕಾರಿಗೆ ಕೂರಲಿಲ್ಲ, ಪಕ್ಕದ ಊರಿನ ಸೈಲೆನ್ಸರ್ ಅಂಗಡಿಯಲ್ಲಿ ಹೊಸದು ಬೆಸೆಸಿದ್ದಕ್ಕೆ 420. ಮಿಕ್ಕಿದ್ದೆಲ್ಲ ಚಿಲ್ಲರೆ. ಈ ಚಿಲ್ಲರೆಯೇ ಮನುಷ್ಯನನ್ನು ಕೊಲ್ಲುವುದು. ಟರ್ಬೋಗೆ ಆಯಿಲ್ ಕೊಡುವ ಸಣ್ಣ ಪೈಪು, ನೀರಿನ ಎರಡು ಪೈಪು, ಇಂಟರ್‌ಕೂಲರ್ ಹಿಡಿಯುವ ಬ್ರಾಕೆಟ್ಟು, ಒಂದು ವಿಚಿತ್ರ ಆಕಾರದ ರಬ್ಬರ್ ಮೊಣಕೈ. ಯಾರ್ಡಿನಲ್ಲಿ ಇವುಗಳ ಬೆಲೆ ಕಾಸಿಗೆ ಸಮ. ಕೆಲವನ್ನು ಕೌಂಟರಿನವನು ನೋಡಿ ನಕ್ಕು ಹಾಗೇ ಬಿಟ್ಟ. ನಾನು ಮರೆತು ಬಂದ ಒಂದು ರಬ್ಬರ್ ಮೊಣಕೈಗೆ ಆಮೇಲೆ ಆನ್‌ಲೈನಿನಲ್ಲಿ 45 ಡಾಲರ್ ಕೊಟ್ಟೆ, ಬರಲು ಹನ್ನೆರಡು ದಿನ. ವಾಪಸ್ ಹೋಗಿ ತರೋಣ ಅಂದರೆ ಅಷ್ಟರಲ್ಲಿ ಕಾರನ್ನು ಅಪ್ಪಚ್ಚಿ ಮಾಡಿಯಾಗಿತ್ತು. ಇಂಜಿನ್ ಅವರ ಹತ್ತಿರ ಇನ್ನೊಂದು ಸಿಗುತ್ತದೆ, ಮರೆತು ಬಂದ ಆ ಬ್ರಾಕೆಟ್ಟು ಸಿಗಲ್ಲ. ಹಾಗಾಗಿ ಇಂಜಿನ್ ಬಿಚ್ಚಿದ ಮೇಲೂ ಒಂದು ಗಂಟೆ ಖಾಲಿ ಗುಂಡಿಯನ್ನು ನೋಡುತ್ತಾ ನಿಂತು, ಅನುಮಾನ ಬಂದದ್ದನ್ನೆಲ್ಲ ಬಕೆಟ್ಟಿಗೆ ಹಾಕಿಕೊಳ್ಳಿ.

ಇನ್ನು ನನ್ನ ತಪ್ಪಿನ ಅರ್ಧ ನಕ್ಷತ್ರ. ಹಿಂದಿನ ಸೀಲು ಬದಲಾಯಿಸಲು ಕ್ರ್ಯಾಂಕಿನ ಹಿಂದಿರುವ, ತಟ್ಟೆ ಆಕಾರದ ಫ್ಲೆಕ್ಸ್‌ಪ್ಲೇಟ್ ಬಿಚ್ಚಿದ್ದೆ. ಎಂಟು ಬೋಲ್ಟು, ಸಮ ಅಂತರದಲ್ಲಿ. ಅಂದರೆ ಎಂಟು ರೀತಿಯಲ್ಲಿ ಕೂರುತ್ತದೆ. ಸರಿಯಾದದ್ದು ಒಂದೇ. ಅದರ ಅಂಚಿನ ಹಲ್ಲುಗಳನ್ನು ಓದಿಯೇ ಸೆನ್ಸರ್ ಕಿಡಿ ಯಾವಾಗ ಕೊಡಬೇಕು ಅಂತ ಕಂಪ್ಯೂಟರಿಗೆ ಹೇಳುವುದು. ನಾನು ಗುರುತು ಹಾಕಿರಲಿಲ್ಲ. ಮಾರ್ಚಿನಲ್ಲಿ ಎಲ್ಲ ಜೋಡಿಸಿ, ದೇವರಿಗೆ ಕೈ ಮುಗಿದು, ಕೀಲಿ ತಿರುಗಿಸಿದರೆ ಒಂದು ಕೆಮ್ಮು, ಗಾಳಿ ಪೈಪಿನಿಂದ ಢಬ್ ಅಂತ ಒಂದು ಸದ್ದು, ಅಷ್ಟೇ. ಈ ಕಾರಿನಲ್ಲಿ ಬಾನೆಟ್ ಕೆಳಗೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಇದೆ. ಗುಂಡಿ ಒತ್ತಿದರೆ ಕೆಂಪು ದೀಪ ಮಿನುಗಿ ದೋಷ ಯಾವುದು ಅಂತ ಅಂಕಿಯಲ್ಲಿ ಹೇಳುತ್ತದೆ. ಹೇಳಿತು: 1-1-1. ಅಂದರೆ ಎಲ್ಲ ಸರಿ ಇದೆ. ಮೂರು ದಿನ ಸ್ಪಾರ್ಕು ನೋಡಿದೆ, ಪೆಟ್ರೋಲ್ ನೋಡಿದೆ, ಟೈಮಿಂಗ್ ಬೆಲ್ಟು ಮತ್ತೆ ನೋಡಿದೆ. ಪ್ರತಿ ಸಲವೂ 1-1-1. ಸೆನ್ಸರಿಗೆ ಹಲ್ಲು ಕಾಣುತ್ತಿದೆ, ಹಾಗಾಗಿ ಅದರ ಲೆಕ್ಕದಲ್ಲಿ ಎಲ್ಲ ಸರಿಯೇ. ಹಲ್ಲು ಇರುವ ಜಾಗ ತಪ್ಪು ಅಂತ ಅದಕ್ಕೇನು ಗೊತ್ತು? ನಾಲ್ಕನೇ ದಿನ ರಾತ್ರಿ ಚಪಾತಿ ತಿನ್ನುತ್ತಿದ್ದಾಗ ತಟ್ಟೆಯನ್ನು ಸುಮ್ನೆ ತಿರುಗಿಸಿದೆ ನೋಡಿ, ಆಗ ಹೊಳೆಯಿತು. ಊಟ ಅಲ್ಲೇ ಬಿಟ್ಟು ಗ್ಯಾರೇಜಿಗೆ ಓಡಿದೆ. ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಅದರ ಬಗ್ಗೆ ಮನೆಯವಳು ಆಡಿದ ಮಾತು ಇಲ್ಲಿ ಬೇಡ.

ಸ್ಟಾರ್ಟ್ ಆದ ಮೇಲೆ ಇವತ್ತಿನವರೆಗೆ 2,600 ಮೈಲಿ ಓಡಿದೆ. ಪಿಕಪ್ ಬಗ್ಗೆ ಏನು ಹೇಳಲಿ. ರೇಸ್ ಕಾರಲ್ಲ. ಆದರೆ 2,500 ಆರ್‌ಪಿಎಂ ದಾಟಿದ ಕೂಡಲೇ ಯಾರೋ ಹಿಂದಿನಿಂದ ದೊಡ್ಡ ಕೈಯಲ್ಲಿ ನೂಕಿದ ಹಾಗೆ, ಸದ್ದಿಲ್ಲದೆ, ಹೋಗುತ್ತದೆ. ಪಕ್ಕದ ಲೇನಿನವರು ಈ ಇಟ್ಟಿಗೆ ಎಲ್ಲಿಂದ ಬಂತು ಅಂತ ತಿರುಗಿ ನೋಡುತ್ತಾರೆ. ಬೂಸ್ಟ್, ಅಂದರೆ ಟರ್ಬೋ ತುರುಕುವ ಗಾಳಿಯ ಒತ್ತಡ, 7 ಪಿಎಸ್‌ಐ ಸುತ್ತಮುತ್ತ ಇಟ್ಟಿದ್ದೇನೆ, ಏರಿಸುವ ಆಸೆ ಇದೆ, ಏರಿಸಿಲ್ಲ. ಒಳ್ಳೆಯ ಆಕ್ಟೇನಿನ ಪೆಟ್ರೋಲೇ ಹಾಕಬೇಕು, ಜೇಬಿಗೆ ಅದೊಂದು ಖರ್ಚು. ಟರ್ಬೋ ಕೆಳಗೆ ಆಯಿಲ್ ಇಳಿಯುವ ಪೈಪಿನ ರಬ್ಬರ್ ರಿಂಗಿನಲ್ಲಿ ಒಂದು ಹನಿ ಇನ್ನೂ ಜಿನುಗುತ್ತಿದೆ.

ಕ್ಯಾಲಿಫೋರ್ನಿಯಾದಲ್ಲಿರುವವರು ಇದನ್ನು ಓದಿ ಉತ್ಸಾಹ ಪಡಬೇಡಿ, 1976ರಿಂದ ಈಚೆಯ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಹೊಗೆ ಪರೀಕ್ಷೆ ಇದೆ, ಇಂಜಿನ್ ಬದಲಿಸಿದರೆ ಅದಕ್ಕೆ ಬೇರೆಯೇ ಕಾಗದಪತ್ರ. ಮಿಶಿಗನ್‌ನಲ್ಲಿ ಆ ಪರೀಕ್ಷೆ ಇಲ್ಲ. ಊರಿನಲ್ಲಿರುವ ಗೆಳೆಯರು ಹಳೇ ಎಸ್ಟೀಮಿಗೆ ಹೀಗೇ ಮಾಡೋಣವಾ ಅಂತ ಕೇಳಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆರ್‌ಟಿಓ ಮುಂದೆ ನಿಂತಾಗ ನನ್ನ ಹೆಸರು ಹೇಳಬೇಡಿ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಗೇಟು ತೆಗೆಯುವ ಮುಂಚೆಯೇ ಇರಿ, ಚೈನ್ ರಾಟೆ ಚೌಕಟ್ಟು ಇಡೀ ಯಾರ್ಡಿಗೆ ನಾಲ್ಕೇ. ತುಕ್ಕು ಬಿಡಿಸುವ ಸ್ಪ್ರೇ ಎರಡು ಡಬ್ಬಿ ತಗೊಳ್ಳಿ, ಒಂದು ಸಾಲಲ್ಲ. ಬಿಚ್ಚುವ ಮುಂಚೆ ಪ್ರತಿ ಪೈಪಿನ ಫೋಟೋ ತೆಗೆಯಿರಿ. ಫ್ಲೆಕ್ಸ್‌ಪ್ಲೇಟಿಗೆ ಬಿಳಿ ಪೇಂಟಿನಲ್ಲಿ ಗುರುತು ಹಾಕಿ, ದಯವಿಟ್ಟು.

ನಿನ್ನೆ ಅವರ ಪಟ್ಟಿಯಲ್ಲಿ ಒಂದು 940 ಟರ್ಬೋ ಬಂದಿದೆ, 14ನೇ ಸಾಲು. ನನ್ನ ಇಂಟರ್‌ಕೂಲರ್ ಈಗಲೂ ಒಂದು ಕಡೆ ತಂತಿಯಲ್ಲೇ ನೇತಾಡುತ್ತಿದೆ. ಆ ಬ್ರಾಕೆಟ್ಟಿಗೋಸ್ಕರ ಶನಿವಾರ ಹೋಗುತ್ತಿದ್ದೇನೆ. ಮನೆಯಲ್ಲಿ ತರಕಾರಿ ತರೋಕೆ ಅಂತ ಹೇಳಿದ್ದೇನೆ.