ಮಿಸ್ರಿ ಜೇನು ಅಂತ ಕೊಟ್ಟರೆ, ನೀರಿಗೆ ಬಿಟ್ಟ ಹನಿ ನೋಡಿ ನಂಬಬೇಡಿ

ಅಪರೂಪದ ಜೇನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವವರು ದಯವಿಟ್ಟು ಇದನ್ನು ಓದಿ. ನಾನು ಮೋಸಹೋದೆ, ನೀವು ಹೋಗಬೇಡಿ.

ಎರಡು ತಿಂಗಳಿಂದ ಮಿಸ್ರಿ ಜೇನು ಹುಡುಕುತ್ತಿದ್ದೆ. ಕುಟುಕದ ಪುಟ್ಟ ನೊಣಗಳ ಜೇನು, ಕೆಲವರು ಮುಜಂಟಿ ಅನ್ನುತ್ತಾರೆ. ಕೊನೆಗೊಂದು ಅಂಗಡಿಯಲ್ಲಿ ಸಿಕ್ಕಿತು. ಒಂದೆರಡಲ್ಲ, ಸಾಲು ತುಂಬ ಬಾಟಲಿ! ಅಂಗಡಿಯವರು ಲೋಟದ ನೀರಿಗೆ ಒಂದು ಹನಿ ಬಿಟ್ಟರು. ಅದು ನೆಟ್ಟಗೆ ತಳಕ್ಕಿಳಿದು ಮಣಿಯ ಹಾಗೆ ಕೂತಿತು. "ನೋಡಿ, ಅಪ್ಪಟ" ಅಂದರು. ಕೇಳಿದಷ್ಟು ದುಡ್ಡು ಕೊಟ್ಟು ತಂದೆ.

ಮನೆಯಲ್ಲಿ ಬಾಟಲಿಯ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಲೇಬಲ್ಲಿನ ಮೂಲೆ ಕಿತ್ತು ಬಂತು. ಅದರಡಿ ಇನ್ನೊಂದು ಲೇಬಲ್: 'ಕಾಡುಹೂವಿನ ಜೇನು'. ಚಮಚದಲ್ಲಿ ತೆಗೆದರೆ ದಪ್ಪಗೆ, ದಾರದ ಹಾಗೆ ಇಳಿಯಿತು. ಬರೀ ಸಿಹಿ.

ಮಿಸ್ರಿ ಜೇನು ಇರುವುದೇ ತೆಳ್ಳಗೆ, ಅಲ್ವಾ? ಮಾಮೂಲಿ ಜೇನಿನಲ್ಲಿ ನೀರಿನ ಅಂಶ ಸಾಮಾನ್ಯವಾಗಿ ಶೇ. 20ರ ಒಳಗಿರುತ್ತದೆ. ಮಿಸ್ರಿಯಲ್ಲಿ ಶೇ. 25-30 ಇರುವುದು ಸಹಜ. ರುಚಿ ಹುಳಿ ಬೆರೆತ ಸಿಹಿ. ನೀರಿಗೆ ಬಿಟ್ಟರೆ ಬೇಗ ಹರಡಿಕೊಳ್ಳುತ್ತದೆ. ಯಾವ ಹನಿ ನೋಡಿ ನಂಬಿದೆನೋ, ಅದೇ ಹನಿ 'ನಾನು ಮಿಸ್ರಿ ಅಲ್ಲ' ಅಂತ ಹೇಳುತ್ತಿತ್ತು. ಗಟ್ಟಿ ಸಕ್ಕರೆ ಪಾಕವೂ ಹೀಗೇ ತಳಕ್ಕೆ ಕೂರುತ್ತದೆ. ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿ ಹೊತ್ತಿಕೊಳ್ಳುತ್ತಾ, ಹೆಬ್ಬೆರಳಿನ ಮೇಲೆ ಬಿಟ್ಟ ಹನಿ ಹರಡದೆ ನಿಲ್ಲುತ್ತಾ ಅಂತ ನೋಡುವ ಪರೀಕ್ಷೆಗಳೂ ಅಷ್ಟೇ, ನೆಚ್ಚಿಕೊಳ್ಳುವಂಥವಲ್ಲ. ಮರುದಿನ ವಾಪಸ್ ಒಯ್ದರೆ "ಮುಚ್ಚಳ ತೆಗೆದಿದ್ದೀರಲ್ಲ" ಅಂದು ಕಳಿಸಿಬಿಟ್ಟರು.

ಈ ನೊಣಗಳು ಮೇಣ ಮತ್ತು ಮರದ ಅಂಟು ಸೇರಿಸಿ ಪುಟ್ಟ ಪುಟ್ಟ ಗಡಿಗೆ ಕಟ್ಟಿ ಜೇನು ತುಂಬುತ್ತವೆ. ಒಂದು ಗೂಡಿನಿಂದ ಸಿಗುವುದು ತೀರಾ ಕಡಿಮೆ. ಸಾಲು ಬಾಟಲಿ ಕಂಡಾಗಲೇ ನಾನು ಕೇಳಬೇಕಿತ್ತು: ತೆಗೆದವರು ಯಾರು, ಯಾವಾಗ ತೆಗೆದರು? ನೀವು ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬನ್ನಿ. ಮೊದಲು ರುಚಿ ನೋಡಿ, ಆಮೇಲೆ ಚಿಕ್ಕ ಬಾಟಲಿ ಮಾತ್ರ ಕೊಳ್ಳಿ. ಲೇಬಲ್ ಅಂಚನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ ನೋಡುವುದಕ್ಕೂ ಸಂಕೋಚ ಬೇಡ.

ಇನ್ನೊಂದು ಮಾತು. ಹರಳುಗಟ್ಟಿದ ಜೇನನ್ನು ಸುಮ್ನೆ ಕಲಬೆರಕೆ ಅನ್ನಬೇಡಿ. ಸೂರ್ಯಕಾಂತಿ ಹೂವಿನ ಜೇನಂತೂ ಬೇಗನೇ ಹರಳಾಗುತ್ತದೆ. ನಿಜವಾದ ಮಿಸ್ರಿ ಸಿಕ್ಕರೆ ಫ್ರಿಜ್ಜಿನಲ್ಲಿಡಿ. ನೀರು ಜಾಸ್ತಿ ಇರುವುದರಿಂದ ಹೊರಗಿಟ್ಟರೆ ಹುದುಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಯಾವ ಜೇನನ್ನೂ ನೆಕ್ಕಿಸಬೇಡಿ.