ಎಸ್ಸೆಸ್ಸೆಲ್ಸಿ ಮಕ್ಕಳ ಹೆತ್ತವರೇ, ಬೇಸಿಗೆಯ ‘ಫಾಸ್ಟ್‌ಟ್ರ್ಯಾಕ್’ ಕೋರ್ಸಿಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

ಪರೀಕ್ಷೆಗೆ ಮೊದಲೇ ನಿಮ್ಮ ಮಗುವಿನಿಂದ ‘ಪ್ರತಿಭಾ ಪರೀಕ್ಷೆ’ ಬರೆಸಿ, ‘ವಿದ್ಯಾರ್ಥಿವೇತನ ಸಿಕ್ಕಿದೆ, ಬೇಗ ಸೀಟು ಕಾಯ್ದಿರಿಸಿ’ ಎಂದು ಫೋನ್ ಮಾಡುವವರು ಈ ವರ್ಷವೂ ಬರುತ್ತಾರೆ. ದಯವಿಟ್ಟು ಹಣ ಕಟ್ಟಬೇಡಿ. ನಾವು 66,000 ರೂಪಾಯಿ ಕಟ್ಟಿದೆವು. ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಕಟ್ಟಿದ ಹಣ ಅದು. ದೂರು ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಈ ವ್ಯಾಪಾರ ಮಾಡುವವರು ಅವರೊಬ್ಬರೇ ಅಲ್ಲ.

ನನ್ನ ಮಗಳು ಹಿರಿಯೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಓದು ಎಂದು ಯಾರೂ ಹೇಳಬೇಕಾಗಿಲ್ಲ, ತಾನಾಗಿಯೇ ಕೂರುತ್ತಾಳೆ. ಪಿಯುಸಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಲ್ಲ ಎಂಬ ಅಳುಕೊಂದು ಅವಳಿಗಿತ್ತು. ಆ ಅಳುಕನ್ನೇ ಇವರು ಹಿಡಿದುಕೊಂಡರು. ಜನವರಿಯಲ್ಲಿ ಶಾಲೆಯ ಗೇಟಿನ ಹೊರಗೆ ಕರಪತ್ರ ಹಂಚಿದರು. ‘ಓದುವ ಹಂಬಲವಿರುವ ಮಕ್ಕಳಿಗೆ ಮಾತ್ರ. 45 ದಿನಗಳಲ್ಲಿ ಪ್ರಥಮ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸಂಪೂರ್ಣ. ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ವಿವರಣೆ. ಹಾಸ್ಟೆಲ್, ಊಟ ಸೇರಿ 1,10,000 ರೂಪಾಯಿ.’

ಆಮೇಲೆ ಕಲ್ಯಾಣ ಮಂಟಪವೊಂದರಲ್ಲಿ ಭಾನುವಾರ ಪರೀಕ್ಷೆ ನಡೆಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಫೋನ್ ಬಂತು. “ಅಮ್ಮಾ, ನಿಮ್ಮ ಮಗಳು ಜಿಲ್ಲೆಗೇ ಮೊದಲ ಹತ್ತು ಮಕ್ಕಳಲ್ಲಿದ್ದಾಳೆ. ಶೇಕಡ 40ರಷ್ಟು ವಿದ್ಯಾರ್ಥಿವೇತನ ಬಂದಿದೆ. ಶುಕ್ರವಾರದೊಳಗೆ ಪೂರ್ತಿ ಕಟ್ಟದಿದ್ದರೆ ಅದು ಮುಂದಿನ ಮಗುವಿಗೆ ಹೋಗುತ್ತದೆ.” ಜಿಲ್ಲೆಗೇ ಮೊದಲ ಹತ್ತು! ಸಂಘದ ಹೆಂಗಸರೆಲ್ಲ ಸಂತೋಷಪಟ್ಟರು. ಸಾಲಕ್ಕೆ ಸಾಲಿನಲ್ಲಿದ್ದ ಒಬ್ಬರು ತಮ್ಮ ಸರದಿಯನ್ನು ನನಗೆ ಬಿಟ್ಟುಕೊಟ್ಟರು.

ಏಪ್ರಿಲ್ ಎರಡನೆಯ ವಾರ ಮಗಳನ್ನು ಬೆಂಗಳೂರಿನ ಹೊರವಲಯದಲ್ಲಿರುವ ಅವರ ಹಾಸ್ಟೆಲಿಗೆ ಬಿಡಲು ಹೋದೆವು. ಹಾಸಿಗೆ, ಬಕೆಟ್ ಹಿಡಿದು ಹೆತ್ತವರೆಲ್ಲ ಸಾಲಿನಲ್ಲಿ ನಿಂತಿದ್ದೆವು. ನನ್ನ ಮುಂದಿದ್ದ ಹೆಂಗಸು, ತುಮಕೂರು ಕಡೆಯವರು, “ನಿಮಗೆಷ್ಟು ವಿದ್ಯಾರ್ಥಿವೇತನ ಬಂತು?” ಎಂದು ಕೇಳಿದರು. ನಲವತ್ತು ಎಂದೆ. ಅವರಿಗೂ ನಲವತ್ತು. ಅವರ ಮುಂದಿನವರಿಗೂ ನಲವತ್ತು. ಹಿಂದೆ ನಿಂತಿದ್ದವರೊಬ್ಬರು, “ನಮ್ಮ ಹುಡುಗನಿಗೆ ಅವತ್ತು ಜ್ವರ, ಪರೀಕ್ಷೆಗೆ ಹೋಗಲೇ ಇಲ್ಲ. ಅವನೂ ಮೊದಲ ಹತ್ತರಲ್ಲಿದ್ದಾನೆ ಎಂದು ಫೋನ್ ಮಾಡಿದ್ದರು” ಎಂದರು. ಪರೀಕ್ಷೆಯನ್ನೇ ಬರೆಯದ ಹುಡುಗ! ನನ್ನ ಮುಖಕ್ಕೆ ರಕ್ತ ನುಗ್ಗಿತು. ಸುತ್ತ ಇದ್ದವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿದರು, ಯಾರೂ ಮಾತಾಡಲಿಲ್ಲ. ಅಂದರೆ ಆ ಕೋರ್ಸಿನ ಬೆಲೆ ಮೊದಲಿನಿಂದಲೂ 66,000 ರೂಪಾಯಿಯೇ. 1,10,000 ಎಂಬುದು ನಮಗೆ ತೋರಿಸಲು ಬರೆದ ಸಂಖ್ಯೆ. ಮಗಳ ಬುದ್ಧಿಗೆ ಸಿಕ್ಕ ಬಹುಮಾನ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅವಳ ಮುಖ ನೋಡಲು ಆಗಲಿಲ್ಲ. ಅವಳೂ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೌಂಟರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗಿ ನಗುತ್ತಲೇ, “ಮೇಡಂ, ಎಲ್ಲ ಮಕ್ಕಳೂ ಪ್ರತಿಭಾವಂತರೇ ಅಲ್ಲವೇ?” ಎಂದಳು. ಆ ನಗು ಈಗಲೂ ನನ್ನನ್ನು ಉರಿಸುತ್ತದೆ.

ಹಣ ಜನವರಿಯಲ್ಲೇ ಹೋಗಿತ್ತು. ಪಾಠವಾದರೂ ಚೆನ್ನಾಗಿರಬಹುದು ಎಂದು ಬಿಟ್ಟು ಬಂದೆವು.

ಮೊದಲ ವಾರವೇ ಇನ್ನೊಂದು ಪರೀಕ್ಷೆ ಮಾಡಿ ಮಕ್ಕಳನ್ನು ಎರಡು ಭಾಗ ಮಾಡಿದರು. ಮೇಲಿನ ಬ್ಯಾಚಿಗೆ ಉಪನ್ಯಾಸಕರು ಬರುತ್ತಿದ್ದರು. ಉಳಿದವರಿಗೆ ಗೋಡೆಯ ಮೇಲೆ ವಿಡಿಯೊ. ಯಾರೋ ಎಂದೋ ಇಂಗ್ಲಿಷಿನಲ್ಲಿ ಮಾಡಿದ ಪಾಠ. ಅದನ್ನು ಹಾಕಿ ನಿಲ್ಲಿಸಲು ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ. ಕನ್ನಡದಲ್ಲಿ ಒಂದು ವಾಕ್ಯದ ವಿವರಣೆಯೂ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳೆಲ್ಲ ಆ ವಿಡಿಯೊ ಕೋಣೆಯಲ್ಲೇ ಇದ್ದರು ಎಂದು ಮಗಳು ಹೇಳಿದಾಗ ನನಗೆ ಅಳು ಬಂತು.

ಅವಳ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಆಮೇಲೆ ಅವಳ ನೋಟ್‌ಬುಕ್ ನೋಡಿದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ, ಹೆತ್ತವರು ತಿಳಿಯಬೇಕು. ನಮ್ಮ ಪಿಯುಸಿ ವಿಜ್ಞಾನಕ್ಕೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳೇ ಇರುವುದು. ಮೊದಲ ವರ್ಷಕ್ಕೆ ಭೌತಶಾಸ್ತ್ರದಲ್ಲಿ 14 ಅಧ್ಯಾಯ, ರಸಾಯನಶಾಸ್ತ್ರದಲ್ಲಿ 9, ಗಣಿತದಲ್ಲಿ 14. ಒಟ್ಟು 37. ಕಾಲೇಜಿನಲ್ಲಿ ಇಡೀ ವರ್ಷ ಹಿಡಿಯುವ ಪಾಠವನ್ನು 45 ದಿನಗಳಲ್ಲಿ ಮುಗಿಸುತ್ತೇವೆ ಎಂದು ಅಚ್ಚು ಹಾಕಿಸಿ ಹಂಚುತ್ತಾರೆ! ಚಲನೆಯ ಪಾಠವನ್ನು ಮೊದಲ ದಿನವೇ ಡಿಫರೆನ್ಷಿಯೇಷನ್ ಎಂಬ ಮೇಲಿನ ತರಗತಿಯ ಗಣಿತ ಬಳಸಿ ಮಾಡಿದ್ದಾರೆ. ಹತ್ತನೆಯ ತರಗತಿಯ ಮಕ್ಕಳು ಅದನ್ನು ಕಂಡೇ ಇರುವುದಿಲ್ಲ. ಪಿಯುಸಿ ಗಣಿತ ಪುಸ್ತಕದಲ್ಲೂ ಅದು ಬರುವುದು 12ನೆಯ ಅಧ್ಯಾಯದಲ್ಲಿ. ಹಾಗೆಂದರೆ ಏನು ಎಂದು ಮಗಳು ಕೇಳಿದ್ದಕ್ಕೆ, “ಈಗ ಸೂತ್ರ ಬರೆದುಕೋ, ಮುಂದೆ ಅರ್ಥವಾಗುತ್ತದೆ” ಎಂದನಂತೆ ಆ ಹುಡುಗ. ನೋಟ್‌ಬುಕ್ ತುಂಬ ಸೂತ್ರಗಳೇ. ಒಂದಕ್ಕೂ ಅರ್ಥ ಬರೆದಿಲ್ಲ.

ಬೆಳಗ್ಗೆ ಐದೂವರೆಗೆ ಎಬ್ಬಿಸಿದರೆ ರಾತ್ರಿ ಹತ್ತರವರೆಗೆ ಕೂರಿಸುತ್ತಿದ್ದರು. ಭಾನುವಾರ ಮಾತ್ರ ಫೋನ್, ಪಕ್ಕದಲ್ಲೇ ವಾರ್ಡನ್. ಊಟ ಬಿಟ್ಟು ಸೊರಗಿದ ಮಗಳನ್ನು ಏಪ್ರಿಲ್ ಮುಗಿಯುವ ಮೊದಲೇ ಕರೆದುಕೊಂಡು ಬಂದೆವು.

ಉಳಿದ ದಿನಗಳ ಹಣ ಕೊಡಿ ಎಂದು ಕೇಳಿದಾಗ ಅವರಾಡಿದ ಮಾತು ಕೇಳಿ. ಮೊದಲು, “ಮನೆಯ ನೆನಪಷ್ಟೇ ಮೇಡಂ, ಒಂದು ವಾರದಲ್ಲಿ ಸರಿಹೋಗುತ್ತಾಳೆ, ವಾಪಸ್ ಕಳಿಸಿ.” ಆಮೇಲೆ, “ನಿಮ್ಮ ಮಗಳ ತಳಹದಿಯೇ ಗಟ್ಟಿಯಿಲ್ಲ, ನಾವೇನು ಮಾಡೋಣ?” ಜನವರಿಯಲ್ಲಿ ಜಿಲ್ಲೆಗೇ ಮೊದಲ ಹತ್ತರಲ್ಲಿದ್ದವಳಿಗೆ ಏಪ್ರಿಲ್‌ನಲ್ಲಿ ತಳಹದಿಯೇ ಇಲ್ಲ! ಅದಾದ ಮೇಲೆ, “ಪಿಯುಸಿಗೆ ನಮ್ಮ ಕಾಲೇಜಿಗೇ ಸೇರಿಸಿ, ಆ ಶುಲ್ಕದಲ್ಲಿ ಹೊಂದಿಸಿಕೊಳ್ಳುತ್ತೇವೆ.” ಬೇಸಿಗೆ ಕೋರ್ಸು ನಡೆಸುವುದೇ ಇದಕ್ಕೆ ಎಂದು ನನಗೆ ಆಗ ಖಾತ್ರಿಯಾಯಿತು. ಕೊನೆಗೆ ವ್ಯವಸ್ಥಾಪಕರು ಬಂದು, “ರಸೀದಿ ತೆಗೆದು ಓದಿ” ಎಂದರು. ರಸೀದಿ ಯಾವುದೋ ಟ್ರಸ್ಟಿನ ಹೆಸರಿನಲ್ಲಿದೆ. ಕೋರ್ಸಿನ ಹೆಸರಿಲ್ಲ, ಜಿಎಸ್‌ಟಿ ಸಂಖ್ಯೆ ಇಲ್ಲ. ಹಣದ ಮುಂದೆ ಸಣ್ಣ ಅಕ್ಷರದಲ್ಲಿ ‘ದೇಣಿಗೆ’ ಎಂದಿದೆ. “ದೇಣಿಗೆಯನ್ನು ಯಾರಾದರೂ ವಾಪಸ್ ಕೇಳುತ್ತಾರೆಯೇ ಮೇಡಂ?” ಸಂಘದ ಸಾಲ ತಂದು ಇವರಿಗೆ ನಾನು ದೇಣಿಗೆ ಕೊಟ್ಟೆನಂತೆ!

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮೇಷ್ಟ್ರು ನನಗೆ ಮುದ್ರಿಸಿ ಕೊಟ್ಟಿದ್ದರು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಕೋಚಿಂಗ್ ಕೇಂದ್ರಗಳು ಮಕ್ಕಳನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 5 ಗಂಟೆಗಿಂತ ಹೆಚ್ಚು ತರಗತಿ ನಡೆಸಬಾರದು, ಪಾಠ ಮಾಡುವವರು ಪದವೀಧರರಾಗಿರಬೇಕು, ಮಗು ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹಾಸ್ಟೆಲ್, ಊಟದ ಹಣದ ಸಮೇತ 10 ದಿನಗಳಲ್ಲಿ ಹಿಂದಿರುಗಿಸಬೇಕು ಎಂದು ಅದರಲ್ಲಿದೆ. ಅದನ್ನು ಮೇಜಿನ ಮೇಲಿಟ್ಟೆ. ವ್ಯವಸ್ಥಾಪಕರು ಓದಲೂ ಇಲ್ಲ. “ಇದು ದೆಹಲಿಯ ಕಾಗದ. ಇಲ್ಲಿ ನಮ್ಮ ಕಾಗದ ನಡೆಯುತ್ತದೆ” ಎಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಗಳಿಗೆ 625ಕ್ಕೆ 609. ಅದು ಅವಳ ಶ್ರಮ, ಸರ್ಕಾರಿ ಶಾಲೆಯ ಮೇಷ್ಟ್ರುಗಳ ಶ್ರಮ. ವಾರ ಕಳೆಯುವುದರೊಳಗೆ ಬಸ್ ನಿಲ್ದಾಣದ ಮುಂದೆ ಇವರ ಫ್ಲೆಕ್ಸ್, ಅದರಲ್ಲಿ ನನ್ನ ಮಗಳ ಚಿತ್ರ, ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’! ಪ್ರವೇಶದ ಅರ್ಜಿಗೆ ಅಂಟಿಸಿದ್ದ ಅದೇ ಚಿತ್ರ. ಪರೀಕ್ಷೆ ಮುಗಿದ ಮೇಲೆ ಸೇರಿದ ಹುಡುಗಿಗೆ ಇವರು ಏನು ಕಲಿಸಿದ್ದರು? ಫೋನ್ ಮಾಡಿ ತೆಗೆಸಿ ಎಂದರೆ, “ಪ್ರಚಾರ ನಿಮ್ಮ ಮಗಳಿಗೂ ಒಳ್ಳೆಯದಲ್ಲವೇ?” ಎಂಬ ಉತ್ತರ. ಯಶಸ್ಸು ಬಂದ ಮೇಲೆ ಲಿಖಿತ ಒಪ್ಪಿಗೆ ಪಡೆಯದೆ ವಿದ್ಯಾರ್ಥಿಯ ಹೆಸರು, ಚಿತ್ರ ಬಳಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲೇ ಹೇಳಿದೆ. ನಾನು ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆಯೇ ಇವರ ಧ್ವನಿ ಇಳಿದದ್ದು. ದೂರು ಹಿಂತೆಗೆದುಕೊಂಡರೆ 10,000 ರೂಪಾಯಿ ಕೊಡುತ್ತೇವೆ ಎಂದರು. ಒಪ್ಪಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇನೆ. ಫ್ಲೆಕ್ಸ್ ವಿಷಯವನ್ನೂ ಅದರಲ್ಲೇ ಸೇರಿಸಿದ್ದೇನೆ.

ಪರೀಕ್ಷೆ ಮುಗಿಯುವ ಮೊದಲು ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಪಾಠ ಮಾಡುವವರನ್ನು ಕೋಣೆಯಲ್ಲಿ ಕಣ್ಣಾರೆ ನೋಡದೆ ಮಗುವನ್ನು ಬಿಡಬೇಡಿ. ಎನ್‌ಸಿಇಆರ್‌ಟಿ ಪುಸ್ತಕಗಳು ಅವರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ, ಮಗಳು ಉಳಿದ ಬೇಸಿಗೆಯಲ್ಲಿ ಅವನ್ನು ಮೇಷ್ಟ್ರ ಜೊತೆ ಕೂತು ಓದಿದಳು. ಈಗಾಗಲೇ ಹಣ ಕಟ್ಟಿದ್ದರೆ ಇವತ್ತೇ ರಸೀದಿ ತೆಗೆದು ನೋಡಿ. ‘ದೇಣಿಗೆ’ ಎಂದು ಬರೆದಿದ್ದರೂ ಹೆದರಬೇಡಿ, ಎಸೆಯಬೇಡಿ. ಕರಪತ್ರ, ಅವರು ಕಳಿಸಿದ ಸಂದೇಶ, ಬ್ಯಾಂಕಿನ ವಿವರ ಎಲ್ಲವನ್ನೂ ಇಟ್ಟುಕೊಳ್ಳಿ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ನನ್ನ ದೂರನ್ನು ನಾನೇ ಕನ್ನಡದಲ್ಲಿ ಬರೆದು ಕೊಟ್ಟಿದ್ದೇನೆ.