ಗೇರ್ ಲಿವರನ್ನು ಕಳಚದೆ ವೆಲ್ಡ್ ಮಾಡಿಸಬೇಡಿ

ಮನೆಯಲ್ಲೇ ಗಾಡಿ ಕಟ್ಟುವ ಹುಚ್ಚಿರುವವರಿಗೆ ಈ ಮಾತು.

ನಮ್ಮ ಮನೆ ಪೆರ್ಲದ ಹತ್ತಿರ. ಹಳೆ ಜಿಪ್ಸಿಯ ಎಂಜಿನ್, ಗೇರ್‌ಬಾಕ್ಸ್ ತಂದು, ಪೈಪಿನ ಚಾಸಿ ಕಟ್ಟಿ, ಎರಡು ಸೀಟಿನ ತಗ್ಗು ಕಾರೊಂದನ್ನು ಮಾಡಿದ್ದೇವೆ. ಓಡಿಸುವುದು ಗುಡ್ಡೆಯಿಂದ ಅಡಿಕೆ ತೋಟಕ್ಕೆ ಇಳಿಯುವ ನಮ್ಮದೇ ದಾರಿಯಲ್ಲಿ ಮಾತ್ರ. ರಸ್ತೆಗೆ ಇಳಿಸುವ ಆಸೆ ಇದ್ದವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ನೋಡಿ. ನೋಂದಣಿಯಾದ ಗಾಡಿಯನ್ನೇ ಇಷ್ಟ ಬಂದ ಹಾಗೆ ಬದಲಿಸಲು ಬಿಡುವುದಿಲ್ಲ, ಇನ್ನು ಇಂಥದ್ದನ್ನು ಬಿಡ್ತಾರಾ?

ಕಾರಿನಲ್ಲಿ ಗೇರ್ ಲಿವರ್ ಮೊಣಕೈ ಪಕ್ಕಕ್ಕೆ ಬಂದಿತ್ತು. ಅದನ್ನು ಮುಂದಕ್ಕೆ ಬಗ್ಗಿಸಿ, ಸ್ವಲ್ಪ ಗಿಡ್ಡ ಮಾಡಿಕೊಡಿ ಎಂದು ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಸಂಜೆಗೇ ಕೆಲಸ ಮುಗಿದಿತ್ತು. ಲಿವರನ್ನು ಗೇರ್‌ಬಾಕ್ಸಿನಿಂದ ಕಳಚದೆ, ಕೂತಲ್ಲೇ ಕತ್ತರಿಸಿ ವೆಲ್ಡ್ ಮಾಡಿದ್ದರು ಮಾರಾಯ್ರೇ!

ಏರುವಾಗ ಏನೂ ತೊಂದರೆ ಇರಲಿಲ್ಲ. ಇಳಿಯುವಾಗ, ಫಸ್ಟ್ ಗೇರಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಟಕ್ ಎಂದು ಲಿವರ್ ನ್ಯೂಟ್ರಲ್‌ಗೆ ಹಾರಿತು. ಎಂಜಿನ್ನಿನ ಹಿಡಿತ ಹೋಯಿತು. ಮುರಕಲ್ಲಿನ ಜಲ್ಲಿ ಮೇಲೆ ಚಕ್ರ ಜಾರುತ್ತಾ ಹೋಗಿ ಕಟ್ಟೆಗೆ ಗುದ್ದಿ ನಿಂತೆವು. ಬಂಪರ್ ಹೋಯಿತು, ಕೈಕಾಲು ಉಳಿಯಿತು.

ಟನಲ್, ಅಂದರೆ ಸೀಟುಗಳ ನಡುವೆ ಗೇರ್‌ಬಾಕ್ಸನ್ನು ಮುಚ್ಚುವ ತಗಡಿನ ಗೂಡು, ಅದರ ಮುಚ್ಚಳ ತೆಗೆದಾಗ ಸಂಗತಿ ಗೊತ್ತಾಯಿತು. ಲಿವರಿನ ಬುಡದ ಗುಂಡು ಕೂರುವ ನೈಲಾನ್ ಬಟ್ಟಲು ಶಾಖಕ್ಕೆ ಕರಗಿ ಕಂದು ಅಂಟಾಗಿತ್ತು. ಅಲ್ಲಿ ಸಡಿಲಾದರೆ ಮೇಲೆ ಎಷ್ಟು ದೂಡಿದರೂ ಕೆಳಗೆ ಗೇರಿನ ಹಲ್ಲು ಅರ್ಧವೇ ಕಚ್ಚುತ್ತದೆ. ಸಾಲದ್ದಕ್ಕೆ, ವೆಲ್ಡಿನ ಗಂಟು, ಲಿವರ್ ಹೊರಬರುವ ಟನಲ್ ತೂತಿನ ಮುಂದಿನ ಅಂಚಿಗೆ ತಾಗುತ್ತಿತ್ತು. ಅಷ್ಟಗಲ ಜಾಗದಲ್ಲಿ ಪೇಂಟ್ ಎದ್ದು ತಗಡು ಹೊಳೆಯುತ್ತಿತ್ತು. ನಿಂತ ಗಾಡಿಯಲ್ಲಿ ನೋಡಿದರೆ ಇದು ತಿಳಿಯುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್ ರಬ್ಬರ್ ಮೌಂಟಿನ ಮೇಲಿರುತ್ತವಲ್ವಾ, ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಎರಡೂ ಒಂದಿಷ್ಟು ಮುಂದಕ್ಕೆ ಸರಿಯುತ್ತವೆ. ಅಂಚು ಲಿವರನ್ನು ತಡೆಯುತ್ತದೆ, ಗೇರ್ ಕಳಚುತ್ತದೆ. ಏರುವಾಗ ಹಿಂದಕ್ಕೆ ಸರಿಯುವುದರಿಂದ ಸುದ್ದಿಯೇ ಇಲ್ಲ.

ವರ್ಕ್‌ಶಾಪಿನವರನ್ನು ಕೇಳಿದರೆ "ಗೇರ್‌ಬಾಕ್ಸೇ ಹಳತು" ಎಂಬ ಉತ್ತರ. ಹೊಸ ಬಟ್ಟಲು ಹಾಕಿದ ಮೇಲೆ, ತೂತನ್ನೂ ದೊಡ್ಡದು ಮಾಡಿದ ಮೇಲೆ, ಅದೇ ಹಳೇ ಗೇರ್‌ಬಾಕ್ಸ್ ಒಮ್ಮೆಯೂ ಗೇರ್ ಬಿಟ್ಟಿಲ್ಲ.

ಗಿಡ್ಡ ಲಿವರಿನ ಆಸೆಯೂ ಅಷ್ಟಕ್ಕಷ್ಟೇ. ಗುಂಡಿನಿಂದ ಮೇಲೆ 30 ಸೆಂಟಿಮೀಟರ್ ಇದ್ದದ್ದನ್ನು 20 ಮಾಡಿದರೆ ಕೈಗೆ ಒಂದೂವರೆ ಪಟ್ಟು ಬಲ ಬೇಕು. ಸುಮ್ನೆ ಸ್ಟೈಲಿಗೆ ಬೇಡ.

ಮಾಡಿಸಲೇಬೇಕಿದ್ದರೆ ಲಿವರನ್ನು ನೀವೇ ಕಳಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಗಾಡಿ ಮನೆಯಲ್ಲೇ ಇರಲಿ. ಹಾಕಿದ ಮೇಲೆ ಒಂದೊಂದೇ ಗೇರಿಗೆ ದೂಡಿ, ಲಿವರಿಗೂ ಅಂಚಿಗೂ ನಡುವೆ ಬೆರಳು ತೂರುತ್ತದಾ ನೋಡಿ. ಚಾಸಿಯಲ್ಲಿ ಬೇರೆಲ್ಲಾದರೂ ವೆಲ್ಡ್ ಇದ್ದರೆ ಬ್ಯಾಟರಿ ಬಿಚ್ಚಿಸಿ. ವೆಲ್ಡಿಂಗ್ ಮೆಷಿನ್ನಿಗೆ ಕರೆಂಟು ಮರಳುವ ತಂತಿಯ ಹಿಡಿಕೆಯನ್ನು (ಅರ್ಥ್ ಕ್ಲಾಂಪ್) ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ಎಲ್ಲೋ ದೂರ ಚಕ್ರದ ಹಬ್‌ಗೆ (ನಡುಭಾಗಕ್ಕೆ) ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನೂ ಹಾಳು ಮಾಡುತ್ತದೆ.